ಕೆಂಚನ ಬಟ್ಟಲಿನ ಲೆಕ್ಕ: ಶುಗರ್ ಬಂದ ಬೆಕ್ಕಿಗೆ ಏನು ಹಾಕೋದು?

1/7

ಫ್ರಿಜ್ ಮೇಲೆ ಕೂತು, ಸಾಲ ತಗೊಂಡು ವಾಪಸ್ ಕೊಡದವರನ್ನ ನೋಡೋ ಥರ ನಿಮ್ಮನ್ನ ನೋಡ್ತಿದಾನಲ್ಲ, ಅವನೇ ನಮ್ಮ ಕೆಂಚ. ವಯಸ್ಸು ಒಂಬತ್ತು. ನಾನು ಆರನೇ ಕ್ಲಾಸಲ್ಲಿದ್ದಾಗ ಮನೆ ಹಿಂದಿನ ಸೌದೆ ರಾಶಿಯಲ್ಲಿ ಸಿಕ್ಕಿದ್ದು. ಈಗ ನಾನು ಬಿಕಾಂ ಎರಡನೇ ವರ್ಷ, ಅವನು ಮನೆ ಯಜಮಾನ.

ಎರಡು ತಿಂಗಳ ಹಿಂದೆ ಅವನಿಗೆ ಶುಗರ್ ಅಂತ ಗೊತ್ತಾಯ್ತು. "ಬೆಕ್ಕಿಗೂ ಶುಗರ್ ಬರುತ್ತಾ?" ಅಂತ ಕಾಮೆಂಟ್ ಹಾಕೋಕೆ ಮುಂಚೆ ಕೇಳಿ, ಬರುತ್ತೆ. ಬಚ್ಚಲಮನೆ ಬಕೆಟ್‌ನಿಂದ ನೀರು ಕುಡಿಯೋಕೆ ಶುರು ಮಾಡಿದ, ಅದೂ ದಿನಕ್ಕೆ ಏಳೆಂಟು ಸಲ. ಮೂತ್ರ ಜಾಸ್ತಿ ಆಯ್ತು. ಊಟ ಮೊದಲಿಗಿಂತ ಚೆನ್ನಾಗೇ ಮಾಡ್ತಿದ್ದ, ಆದ್ರೂ ಬೆನ್ನುಮೂಳೆ ಕೈಗೆ ಸಿಗೋಕೆ ಶುರುವಾಯ್ತು. ನಾವು "ಬೇಸಿಗೆ, ಅದಕ್ಕೇ ನೀರು ಕುಡೀತಾನೆ" ಅಂದ್ಕೊಂಡ್ವಿ. ಆಮೇಲೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ಮೊಲದ ಥರ ನಡೆಯೋಕೆ ಶುರು ಮಾಡಿದಾಗ ಭಯ ಆಯ್ತು. ಸಕ್ಕರೆ ತುಂಬ ದಿನ ಏರಿಕೊಂಡೇ ಇದ್ರೆ ನರಕ್ಕೆ ಪೆಟ್ಟಾಗಿ ಹಿಂಗಾಗುತ್ತಂತೆ. ನಿಮ್ಮನೇಲಿ ಇದರಲ್ಲಿ ಒಂದು ಲಕ್ಷಣ ಕಂಡ್ರೂ ಕಾಯಬೇಡಿ. ನಾವು ಕಾದ್ವಿ.

ಒಂದು ವಿಷಯ. ಡಾಕ್ಟರ್ ಒಂದೇ ಸಲ ರಕ್ತ ನೋಡಿ ಶುಗರ್ ಅಂತ ತೀರ್ಮಾನ ಮಾಡಲಿಲ್ಲ. ಬುಟ್ಟಿಯಲ್ಲಿ ಹಾಕ್ಕೊಂಡು ಆಟೋದಲ್ಲಿ ಕರ್ಕೊಂಡು ಹೋದ ಗಾಬರಿಗೇ ಬೆಕ್ಕಿನ ಸಕ್ಕರೆ ಏರಿಬಿಡುತ್ತೆ. ಅದಕ್ಕೆ ಮೂತ್ರ ನೋಡಿದ್ರು, ಫ್ರಕ್ಟೋಸಮೈನ್ ಅನ್ನೋ ಟೆಸ್ಟೂ ಮಾಡಿಸಿದ್ರು. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತೆ.

2/7

ಫೋಟೋದಲ್ಲಿರೋದು ರಾಗಿ ಹಿಟ್ಟು, ಮೆಂತ್ಯ, ಹಾಗಲಕಾಯಿ. ಕೆಂಚನಿಗೆ ಹಾಕಿ ಅಂತ ಒಂದೇ ವಾರದಲ್ಲಿ ಬಂದ ಸಲಹೆಗಳು. ತಮಾಷೆ ಅಲ್ಲ, ಪಕ್ಕದ ಮನೆ ಆಂಟಿ ಮೆಂತ್ಯ ನೆನೆಸಿಟ್ಟ ನೀರನ್ನ ಲೋಟದಲ್ಲಿ ತಂದೇಬಿಟ್ರು.

ನನ್ನ ಅಭಿಪ್ರಾಯ ಇಲ್ಲೇ ಹೇಳ್ಬಿಡ್ತೀನಿ: ಮನುಷ್ಯರ ಶುಗರ್ ಪಥ್ಯವನ್ನ ಬೆಕ್ಕಿಗೆ ಹೇಳಬೇಡಿ. ಪ್ರೀತಿಯಿಂದ ಹೇಳ್ತೀರಾ, ಗೊತ್ತು. ಆದ್ರೆ ನಮ್ಮ ಪಥ್ಯ ಅಂದ್ರೆ "ಅನ್ನ ಬಿಡಿ, ಮುದ್ದೆ ತಿನ್ನಿ". ಒಂದು ಧಾನ್ಯ ಬಿಟ್ಟು ಇನ್ನೊಂದು ಧಾನ್ಯ. ರಾಗಿಯಲ್ಲೂ ನೂರಕ್ಕೆ ಸುಮಾರು 70 ಭಾಗ ಪಿಷ್ಟಾನೇ. ಬೆಕ್ಕು ಮಾಂಸಾಹಾರಿ. ಅಭ್ಯಾಸದಿಂದ ಅಲ್ಲ, ದೇಹದ ಕಟ್ಟುವಿಕೆಯಿಂದ. ಪಿಷ್ಟ ಒಡೆಯೋ ಅಮೈಲೇಸ್ ಅದರ ಎಂಜಲಲ್ಲಿ ಇಲ್ಲ ಅಂತಲೇ ಹೇಳಬಹುದು. ತನಗೆ ಬೇಕಾದ ಸಕ್ಕರೆಯನ್ನ ಅದರ ಲಿವರ್ ಪ್ರೋಟೀನ್‌ನಿಂದಲೇ ಮಾಡ್ಕೊಳ್ಳುತ್ತೆ. ಬೇಯಿಸಿದ ಧಾನ್ಯ ಜೀರ್ಣ ಆಗಲ್ಲ ಅಂತಲ್ಲ, ಆಗುತ್ತೆ. ಆದ್ರೆ ಅದರಿಂದ ಬಂದ ಸಕ್ಕರೆಯನ್ನ ರಕ್ತದಿಂದ ತೆಗೆಯೋ ಕೆಲಸ ಬೆಕ್ಕಿನ ದೇಹದಲ್ಲಿ ನಿಧಾನ. ಶುಗರ್ ಬಂದ ಬೆಕ್ಕಿಗಂತೂ ಕೇಳಲೇಬೇಡಿ.

ಇನ್ನೊಂದು ನಂಗೆ ತುಂಬ ಇಷ್ಟವಾದ ವಿಷಯ. ಬೆಕ್ಕಿಗೆ ಸಿಹಿ ರುಚಿನೇ ಗೊತ್ತಾಗಲ್ಲ. ನಾಲಿಗೆಗೆ ಸಿಹಿ ತಿಳಿಸೋ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟು ಕೂತಿದೆ, 2005ರಲ್ಲಿ ವಿಜ್ಞಾನಿಗಳು ಇದನ್ನ ತೋರಿಸಿದ್ರು. ಅಂದ್ರೆ ಪಾಯಸದ ಬಟ್ಟಲು ನೆಕ್ಕೋ ಬೆಕ್ಕು ನೆಕ್ಕೋದು ಹಾಲಿಗೆ, ತುಪ್ಪಕ್ಕೆ. ಸಕ್ಕರೆ ಕಾಯಿಲೆ ಬಂದ ಪ್ರಾಣಿಗೆ ಸಕ್ಕರೆಯ ರುಚಿ ಜನ್ಮದಲ್ಲಿ ಸಿಕ್ಕಿಲ್ಲ!

3/7

ಈ ಫೋಟೋ ನನ್ನ ತಪ್ಪಿನದ್ದು. ಕೆಂಚನ ಹಳೇ ಬಟ್ಟಲು, ಯಾವಾಗಲೂ ತುಂಬಿರ್ತಿತ್ತು. ಒಣ ಕಾಳಿನಂಥ ಆಹಾರ, ಬೆಳಿಗ್ಗೆ ಸುರಿದು ಕಾಲೇಜಿಗೆ ಹೋದ್ರೆ ಮುಗೀತು.

ಒಣ ಆಹಾರವೇ ಕಾಯಿಲೆ ತಂತು ಅಂತ ನಾನು ಹೇಳ್ತಿಲ್ಲ. ಬೊಜ್ಜು ತಂತು, ಬೊಜ್ಜು ಕಾಯಿಲೆ ಕರ್ಕೊಂಡು ಬಂತು. ಗಂಡು ಬೆಕ್ಕು, ಆಪರೇಷನ್ ಆಗಿರೋದು, ನಡುವಯಸ್ಸು ದಾಟಿರೋದು, ಮನೆಯೊಳಗೇ ಇರೋದು, ದಪ್ಪ ಇರೋದು. ಅಪಾಯ ಜಾಸ್ತಿ ಇರೋ ಪಟ್ಟಿ ಇದು, ಕೆಂಚ ಎಲ್ಲದರಲ್ಲೂ ಪಾಸು. ಒಂದು ಕಾಲದಲ್ಲಿ 7 ಕೆಜಿ ಇದ್ದ, ನಾವೆಲ್ಲ "ಗುಂಡ" ಅಂತ ಎತ್ತಿ ಮುದ್ದಾಡ್ತಿದ್ವಿ.

ಒಣ ಆಹಾರದಲ್ಲಿ ಪಿಷ್ಟ ಇದ್ದೇ ಇರುತ್ತೆ, ಯಾಕಂದ್ರೆ ಕಾಳಿನ ಆಕಾರ ನಿಲ್ಲೋಕೆ ಅದು ಬೇಕು. ಪ್ಯಾಕೆಟ್ ಮೇಲೆ "ಧಾನ್ಯರಹಿತ" ಅಂತ ದಪ್ಪಕ್ಷರದಲ್ಲಿ ಇದ್ರೂ ಮೋಸ ಹೋಗ್ಬೇಡಿ. ಗೋಧಿ, ಅಕ್ಕಿ ಬದಲು ಆಲೂಗಡ್ಡೆ, ಬಟಾಣಿ, ಮರಗೆಣಸು ಹಾಕಿರ್ತಾರೆ. ಪ್ಯಾಕೆಟ್‌ನ ಮುಂಭಾಗ ಜಾಹೀರಾತು, ಹಿಂಭಾಗ ಲೆಕ್ಕಪತ್ರ. ಹಿಂಭಾಗ ಓದಿ.

4/7

ಬಿಕಾಂನವರು ಹತ್ತಿರ ಬನ್ನಿ, ಇದು ನಮ್ಮ ಏರಿಯಾ. (ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.)

ಬೆಕ್ಕಿನ ಆಹಾರದ ಪ್ಯಾಕೆಟ್ ಹಿಂದೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಎಷ್ಟು ಅಂತ ಇರುತ್ತೆ. ಪಿಷ್ಟ ಎಷ್ಟು ಅಂತ ಸಾಮಾನ್ಯವಾಗಿ ಇರಲ್ಲ. ಅದನ್ನ ನಾವು ಬ್ಯಾಲೆನ್ಸಿಂಗ್ ಫಿಗರ್ ಥರ ಕಂಡುಹಿಡೀಬೇಕು. ನೂರರಿಂದ ಎಲ್ಲ ಕಳೆದು ಉಳಿದದ್ದು ಪಿಷ್ಟ. ಬೂದಿ ಅಂಶ ಅಂತ ಒಂದಿದೆ, ಖನಿಜಗಳು. ಅದನ್ನ ಬರೆದಿಲ್ಲ ಅಂದ್ರೆ ಒಣದಕ್ಕೆ ಸುಮಾರು 8, ಒದ್ದೆಯದಕ್ಕೆ 2ರಿಂದ 2.5 ಅಂತ ಹಿಡೀರಿ.

ಒಂದು ಒಣ ಆಹಾರ ಅಂದ್ಕೊಳ್ಳಿ: ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8. ಒಟ್ಟು 66. ಉಳಿದ 34 ಪಿಷ್ಟ.

ಇಲ್ಲಿಗೇ ನಿಲ್ಲಿಸಿದ್ರೆ ತಪ್ಪಾಗುತ್ತೆ, ಯಾಕಂದ್ರೆ ಒದ್ದೆ ಆಹಾರದಲ್ಲಿ ನೀರೇ ಮುಕ್ಕಾಲು. ತೂಕ ಬಿಡಿ, ಶಕ್ತಿ ನೋಡಿ. ಪ್ರೋಟೀನ್ ಮತ್ತು ಪಿಷ್ಟ ಗ್ರಾಂಗೆ 3.5 ಕ್ಯಾಲೊರಿ, ಕೊಬ್ಬು 8.5. ಮೇಲಿನದ್ದು 112 + 102 + 119 = 333. ಅದರಲ್ಲಿ ಪಿಷ್ಟದ ಪಾಲು ಶೇಕಡ 36.

ಈಗ ಒದ್ದೆ ಆಹಾರ: ಪ್ರೋಟೀನ್ 11, ಕೊಬ್ಬು 4, ನಾರು 0.5, ತೇವಾಂಶ 80, ಬೂದಿ 2.5. ಉಳಿದದ್ದು 2. ಒಟ್ಟು ಕ್ಯಾಲೊರಿ 79.5, ಪಿಷ್ಟದ್ದು 7. ಶೇಕಡ 9.

ಒದ್ದೆ ಎಲ್ಲ ಒಳ್ಳೇದು ಅಂತ ಕುಣಿಯಬೇಡಿ. ಇನ್ನೊಂದು ಗ್ರೇವಿ ಪೌಚ್: ಪ್ರೋಟೀನ್ 8, ಕೊಬ್ಬು 3, ನಾರು 1, ತೇವಾಂಶ 82, ಬೂದಿ 2. ಉಳಿದದ್ದು 4. ನಾಲ್ಕು ಗ್ರಾಂ ಏನ್ ಮಹಾ ಅನ್ಸುತ್ತಲ್ಲ? ಶೇಕಡ 21! ಗ್ರೇವಿ ಗಟ್ಟಿಯಾಗೋಕೆ ಹಿಟ್ಟು ಹಾಕಿರ್ತಾರೆ, ನಮ್ಮನೆ ಸಾರಿಗೆ ಕಾರ್ನ್‌ಫ್ಲೋರ್ ಕದಡಿದ ಹಾಗೆ. ಅದಕ್ಕೇ ಗ್ರೇವಿಗಿಂತ ಮುದ್ದೆ ಥರ ನುಣ್ಣಗಿರೋ ಪಾಟೆ ಬಗೆಯದ್ದರಲ್ಲಿ ಹುಡುಕಿ.

ಶುಗರ್ ಇರೋ ಬೆಕ್ಕಿಗೆ ಈ ಪಾಲು ಶೇಕಡ 10-12ರ ಒಳಗೆ ಇದ್ರೆ ಒಳ್ಳೇದು ಅನ್ನೋದು ಸುಮಾರಾಗಿ ಒಪ್ಪಿರೋ ಮಾತು. ಲೇಬಲ್‌ನಲ್ಲಿ "ಕನಿಷ್ಠ", "ಗರಿಷ್ಠ" ಅಂತ ಬರೆದಿರೋದ್ರಿಂದ ನಮ್ಮ ಲೆಕ್ಕ ಅಂದಾಜಿನದ್ದು. ಆದ್ರೂ 9ಕ್ಕೂ 36ಕ್ಕೂ ಇರೋ ವ್ಯತ್ಯಾಸ ಅಂದಾಜಲ್ಲೂ ಕಾಣುತ್ತೆ. ಮತ್ತೆ, ಕಿಡ್ನಿ ತೊಂದರೆ ಜೊತೆಗಿದ್ರೆ ಈ ಲೆಕ್ಕ ಬದಲಾಗುತ್ತೆ, ಡಾಕ್ಟರ್ ಹತ್ರಾನೇ ಕೂತು ಮಾತಾಡಿ.

5/7

ಇದನ್ನ ಬರೆಯೋಕೆ ಮನಸ್ಸಿರಲಿಲ್ಲ.

ಇನ್ಸುಲಿನ್ ಶುರುವಾಗಿ ಮೂರು ವಾರ ಆದ್ರೂ ಕೆಂಚನ ಸಕ್ಕರೆ ಇಳೀತಿರಲಿಲ್ಲ. ಡಾಕ್ಟರ್ ಡೋಸ್ ಏರಿಸಿದ್ರು. ಒಂದು ಸಂಜೆ ಕಾಲೇಜಿಂದ ಬೇಗ ಬಂದೆ. ಹಿತ್ತಲ ಕಟ್ಟೆ ಮೇಲೆ ಅಜ್ಜಿ, ಪಕ್ಕದಲ್ಲಿ ಕೆಂಚ, ನಡುವೆ ಸ್ಟೀಲ್ ತಟ್ಟೆಯಲ್ಲಿ ಹಾಲನ್ನ. ದಿನಾ ನಾಲ್ಕು ಗಂಟೆಗೆ, ಒಂಬತ್ತು ವರ್ಷದಿಂದ. ನಿಲ್ಲಿಸಬೇಕು ಅಂತ ಅಜ್ಜಿಗೆ ಹೇಳಿದ್ವಿ, ಅಜ್ಜಿ ಹೂಂ ಅಂದಿದ್ರು, ಅಷ್ಟೇ.

ಜೋರಾಗಿ ಬೈದೆ. ಅಜ್ಜಿಗೂ ಶುಗರ್ ಇದೆ, ಹದಿನಾರು ವರ್ಷದಿಂದ. ತಟ್ಟೆ ಎತ್ಕೊಂಡು ಎದ್ದು ಹೇಳಿದ್ರು: "ನಂಗೂ ತಿನ್ಬೇಡ ಅಂತೀರ, ಅದಕ್ಕೂ ತಿನ್ಬೇಡ ಅಂತೀರ. ನಾವಿಬ್ರೂ ಈ ಮನೇಲಿ ಏನ್ ತಿಂದ್ಕೊಂಡಿರೋದು ಮಗಾ?"

ನಾನು ಉತ್ತರ ಕೊಡಲಿಲ್ಲ. ಸಿಟ್ಟಲ್ಲಿ ಮಾರನೇ ದಿನವೇ ಎಲ್ಲ ಬದಲಾಯಿಸಿದೆ. ಒಣ ಆಹಾರ ಬಂದ್, ಹಾಲನ್ನ ಬಂದ್, ಬರೀ ಕಡಿಮೆ ಪಿಷ್ಟದ ಒದ್ದೆ ಆಹಾರ. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಸರಿಯಾದ ಕೆಲಸ ಮಾಡ್ತಿದೀನಿ, ಫೋನ್ ಯಾಕೆ ಅಂತ.

ಡೋಸ್ ಏರಿಸಿದ್ದು ಆ ಹಾಲನ್ನದ ಮೇಲೆ ಅನ್ನೋದು ನಂಗೆ ಹೊಳೀಲಿಲ್ಲ. ತಿನ್ನೋ ಪಿಷ್ಟ ಒಂದೇ ದಿನ ಬಿದ್ದುಹೋಯ್ತು, ಇನ್ಸುಲಿನ್ ಅಷ್ಟೇ ಉಳೀತು. ಮೂರನೇ ರಾತ್ರಿ ಹತ್ತೂವರೆಗೆ ಕೆಂಚ ಕುಡಿದವರ ಥರ ತೂರಾಡ್ತಾ ಬಂದು ಗೋಡೆಗೆ ತಲೆ ಹೊಡ್ಕೊಂಡ. ಕರೆದ್ರೆ ನೋಡ್ತಿರಲಿಲ್ಲ. ನಾನು ನಿಂತಲ್ಲೇ ನಿಂತಿದ್ದೆ. ಅಜ್ಜಿ ಎದ್ದು ಬಂದು ಒಂದೇ ಸಲ ನೋಡಿದ್ರು: "ಲೋ ಶುಗರ್ ಕಣೋ ಇದು, ನಂಗೆ ಆಗಲ್ವಾ? ಜೇನುತುಪ್ಪ ತಾ." ಬೆರಳಲ್ಲಿ ವಸಡಿಗೆ ಸವರಿದ್ರು. ಬಾಯಿಗೆ ಸುರೀಲಿಲ್ಲ, ಶ್ವಾಸಕ್ಕೆ ಹೋಗುತ್ತೆ. ಆಮೇಲೆ ಆಸ್ಪತ್ರೆ, ಡ್ರಿಪ್, ಬೆಳಗಿನ ಜಾವ ನಾಲ್ಕು.

ಅದಕ್ಕೇ ಕೈಮುಗಿದು ಹೇಳ್ತೀನಿ. ಇನ್ಸುಲಿನ್ ನಡೀತಿರುವಾಗ ಆಹಾರವನ್ನ ಡಾಕ್ಟರಿಗೆ ಹೇಳದೆ ಬದಲಾಯಿಸಬೇಡಿ, ಒಳ್ಳೇ ಆಹಾರಕ್ಕಾದ್ರೂ ಸರಿ. ಮನೇಲಿ ಯಾರು ಗುಟ್ಟಾಗಿ ಏನು ಹಾಕ್ತಾರೆ ಅಂತ ಮೊದಲು ಕೇಳಿ, ಬೈಯದೆ ಕೇಳಿ. ಬೈದ್ರೆ ಹೇಳಲ್ಲ. ಬೆಕ್ಕು ಊಟ ಬಿಟ್ಟ ದಿನ ಎಂದಿನ ಡೋಸ್ ಚುಚ್ಚಬೇಡಿ, ಫೋನ್ ಮಾಡಿ. ಹೊಸ ಆಹಾರ ಬೇಕಾದ್ರೆ ತಿನ್ನಲಿ ಅಂತ ಉಪವಾಸ ಕೆಡವಲೂ ಬೇಡಿ, ಬೆಕ್ಕು ಒಂದೆರಡು ದಿನ ಹೊಟ್ಟೆಗಿಲ್ಲದೆ ಇದ್ರೆ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಬರುತ್ತೆ.

ಸಿರಿಂಜ್ ಬಗ್ಗೆಯೂ ಒಂದು ಮಾತು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ 40 ಯೂನಿಟ್‌ದೂ ಇದೆ, 100 ಯೂನಿಟ್‌ದೂ ಇದೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅಜ್ಜಿಯ ಸಿರಿಂಜ್ ತಗೊಂಡು ಬೆಕ್ಕಿಗೆ ಚುಚ್ಚಬೇಡಿ. ಬಾಟಲಿ ಮೇಲಿನ ನಂಬರೂ ಸಿರಿಂಜ್ ಮೇಲಿನ ನಂಬರೂ ಒಂದೇ ಇರಬೇಕು.

6/7

"ಇಷ್ಟೆಲ್ಲ ಯಾಕೆ, ಮನೇಲೇ ಕೋಳಿ ಬೇಯಿಸಿ ಹಾಕಿ" ಅಂತ ಹೇಳಿದವರಿಗೆ: ಪಿಷ್ಟ ಇಲ್ಲ, ನಿಜ. ಆದ್ರೆ ಬರೀ ಬೇಯಿಸಿದ ಕೋಳಿಯಲ್ಲಿ ಕ್ಯಾಲ್ಸಿಯಂ ಸಾಲಲ್ಲ, ಟಾರೀನ್ ನೀರಿನ ಜೊತೆ ಹೋಗಿಬಿಡುತ್ತೆ. ಟಾರೀನ್ ಕಡಿಮೆಯಾದ್ರೆ ಬೆಕ್ಕಿಗೆ ಕಣ್ಣೂ ಹೋಗುತ್ತೆ, ಹೃದಯವೂ ಸೋಲುತ್ತೆ. ಹೃದಯದ ವಿಷಯ ಗೊತ್ತಾಗಿದ್ದೇ 1987ರಲ್ಲಿ, ಅದೂ ಪ್ಯಾಕೆಟ್ ಆಹಾರ ತಿಂತಿದ್ದ ಬೆಕ್ಕುಗಳಲ್ಲಿ. ಆಮೇಲೆ ಕಂಪನಿಗಳು ಟಾರೀನ್ ಜಾಸ್ತಿ ಹಾಕೋಕೆ ಶುರು ಮಾಡಿದ್ವು. ಹಂಗಾಗಿ ದಿನದ ಊಟದ ಹತ್ತನೇ ಒಂದು ಭಾಗದವರೆಗೆ ಕೋಳಿ ಸರಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿಸದೆ. ಅದಕ್ಕಿಂತ ಜಾಸ್ತಿ ಮನೆ ಊಟ ಬೇಕಂದ್ರೆ ಡಾಕ್ಟರ್ ಪೌಡರ್, ಪ್ರಮಾಣ ಎಲ್ಲ ಬರೆದುಕೊಡ್ತಾರೆ.

ಇನ್ನು ದುಡ್ಡು. ಇದನ್ನ ಯಾರೂ ಬರೆಯಲ್ಲ. ಕೆಂಚ ಈಗ 5.6 ಕೆಜಿ, ದಿನಕ್ಕೆ ಸುಮಾರು 230 ಕ್ಯಾಲೊರಿ. 85 ಗ್ರಾಂ ಪೌಚ್ ಒಂದರಲ್ಲಿ 68. ಮೂರು ಪೌಚ್, ಮೇಲೆ ಸ್ವಲ್ಪ ಕೋಳಿ. ಪೌಚ್‌ಗೆ 50 ರೂಪಾಯಿ ಅಂದ್ರೆ ತಿಂಗಳಿಗೆ 4,500. ನಾನು ಇಬ್ಬರು ಹುಡುಗರಿಗೆ ಟ್ಯೂಷನ್ ಹೇಳಿ ದುಡಿಯೋದು 3,000. ಪೌಚ್ ಬಿಟ್ಟು 400 ಗ್ರಾಂ ಡಬ್ಬಿ ತಗೊಂಡ್ರೆ 3,500ರ ಆಸುಪಾಸಿಗೆ ಬರುತ್ತೆ, ತೆಗೆದ ಡಬ್ಬಿ ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸ್ತೀವಿ. ಉಳಿದ ಐನೂರು ಮತ್ತು ಇನ್ಸುಲಿನ್ ಅಪ್ಪನ ಖಾತೆಗೆ. ಅಪ್ಪ ಇನ್ನೂ "ಬೆಕ್ಕಿಗೆ ಇಷ್ಟಾ?" ಅಂತಾರೆ, ಅಂದ್ಕೊಂಡೇ ಕೊಡ್ತಾರೆ.

ನಿಮ್ಮ ಕೈಲಿ ಅಷ್ಟೂ ಆಗಲ್ಲ ಅಂದ್ರೆ ನಾಚಿಕೆ ಪಡಬೇಡಿ. ಡಾಕ್ಟರಿಗೆ ಬಜೆಟ್ ಹೇಳಿ. ಅರ್ಧ ಒದ್ದೆ, ಅರ್ಧ ಅಳೆದು ಹಾಕಿದ ಒಣ ಆಹಾರದಲ್ಲೂ, ಅದಕ್ಕೆ ತಕ್ಕ ಡೋಸ್‌ನಲ್ಲಿ, ಬೆಕ್ಕು ಬದುಕುತ್ತೆ. ದುಬಾರಿ ಆಹಾರ ಹದಿನೈದು ದಿನ ಹಾಕಿ ದುಡ್ಡು ಮುಗಿದಾಗ ಹಳೇದಕ್ಕೆ ಹೋಗೋದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಡೋಸ್ ಕೂತಿರೋದು ದಿನಾ ಒಂದೇ ಥರ ಇರೋ ಬಟ್ಟಲಿನ ಮೇಲೆ.

7/7

ಕೊನೇ ಫೋಟೋ, ಅಡುಗೆಮನೆ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯೋದು. ಈಗ ಪ್ರತಿ ತಾರೀಖಿನ ಚೌಕದಲ್ಲಿ "ಹಾ 1 ಲೀ" ಕೆಳಗೆ "ಕೆಂ" ಅಂತ ಇದೆ, ಪಕ್ಕದಲ್ಲಿ ಎರಡು ಟಿಕ್. ಬೆಳಿಗ್ಗೆ ಇಂಜೆಕ್ಷನ್, ಸಂಜೆ ಇಂಜೆಕ್ಷನ್. ಅಕ್ಷರ ಅಜ್ಜಿಯದ್ದು.

ಆ ರಾತ್ರಿ ಆದ್ಮೇಲೆ ಅಜ್ಜಿ ಹತ್ರ ಕ್ಷಮೆ ಕೇಳಿದೆ. ನಾಲ್ಕು ಗಂಟೆಯ ಊಟ ನಿಲ್ಲಿಸಲಿಲ್ಲ, ತಟ್ಟೆಯಲ್ಲಿರೋದನ್ನ ಬದಲಾಯಿಸಿದ್ವಿ. ಒಂದು ಪುಟ್ಟ ಡಬ್ಬಿಯಲ್ಲಿ ಅಳೆದಿಟ್ಟ ಕೋಳಿ ಚೂರು, ದಿನದ ಲೆಕ್ಕದೊಳಗಿನದ್ದೇ. ಕೋಳಿ ಅಜ್ಜಿ ತಿನ್ನಲ್ಲ, ಮುಟ್ಟೋಕೂ ಮೊದಲು ಮುಖ ಕಿವುಚ್ತಿದ್ರು. ಈಗ ಚಮಚದಲ್ಲಿ ಎತ್ತಿ ಹಾಕ್ತಾರೆ.

ಶುರುವಿನಲ್ಲೇ ಹಿಡಿದು ಸಕ್ಕರೆ ಹತೋಟಿಗೆ ತಂದ್ರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತಂತೆ. ಆಗಲೂ ಊಟ ಮಾತ್ರ ಇದೇ. ಕೆಂಚ ಆ ಕೆಲವರಲ್ಲಿ ಒಬ್ಬನಾ, ಇಷ್ಟು ಬೇಗ ಹೇಳೋಕಾಗಲ್ಲ ಅಂದ್ರು ಡಾಕ್ಟರ್. ಆದ್ರೆ ಹೋದ ವಾರದಿಂದ ಬಕೆಟ್ ಹತ್ರ ಹೋಗ್ತಿಲ್ಲ. ಫ್ರಿಜ್ ಮೇಲೆ ಹಾರಿದ್ದು ಮೊನ್ನೆ, ಎರಡು ತಿಂಗಳಾದ್ಮೇಲೆ. ಮೊದಲ ಫೋಟೋ ಆವತ್ತಿನದ್ದು.

ಮಂಗಳವಾರ ಮತ್ತೆ ಫ್ರಕ್ಟೋಸಮೈನ್ ಟೆಸ್ಟ್. ಅಜ್ಜಿದೂ ಅವತ್ತೇ ರಕ್ತ ಕೊಡೋದಿದೆ, ಒಂದೇ ಆಟೋದಲ್ಲಿ ಹೋಗ್ತಾರಂತೆ ಇಬ್ಬರೂ.

#ಕೆಂಚ #ಬೆಕ್ಕಿನಶುಗರ್ #ಹಾಲನ್ನಬೇಡ #ಬಿಕಾಂಲೆಕ್ಕ