ಕ್ಯಾಪ್ಟನ್ ತಪ್ಪಿದರೆ ನೀನೇನು ಮಾಡುವೆ?

ಪೈಲಟ್ ತರಬೇತಿ ಮುಗಿಸಿದ ನಿಮ್ಮ ಮಗನೋ ಮಗಳೋ ವಿಮಾನ ಸಂಸ್ಥೆಯ ಸಂದರ್ಶನಕ್ಕೆ ಹೊರಟಿದ್ದಾರೆಯೇ? ಹಾಗಾದರೆ ಸಹೋದರಿಯರೇ, ಈ ಪ್ರಶ್ನೆಯನ್ನು ಮನೆಯಲ್ಲೇ ಒಮ್ಮೆ ಕೇಳಿ ನೋಡಿ: "ನೀನು ಸಹ ಪೈಲಟ್. ವಿಮಾನ ಇಳಿಯುತ್ತಿದೆ. ಎತ್ತರ ಹೆಚ್ಚು, ವೇಗವೂ ಹೆಚ್ಚು. ಆದರೂ ಕ್ಯಾಪ್ಟನ್ ಇಳಿಸಲು ಹೊರಟಿದ್ದಾರೆ. ನೀನೇನು ಮಾಡುವೆ?"

"ಅವರು ಅನುಭವಿಗಳು, ಸುಮ್ಮನಿರುತ್ತೇನೆ" ಎಂದರೆ ಕೆಲಸ ಸಿಗುವುದು ಕಷ್ಟ. "ಕೂಡಲೇ ನಿಯಂತ್ರಣ ಕಿತ್ತುಕೊಳ್ಳುತ್ತೇನೆ" ಎಂಬುದೂ ಸರಿಯಲ್ಲ. ಸರಿಯಾದ ಉತ್ತರಕ್ಕೆ ಒಂದು ಕ್ರಮವಿದೆ. ಮೊದಲು ಎತ್ತರ, ವೇಗ ಮಿತಿ ಮೀರಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಸರಿಯಾಗದಿದ್ದರೆ "ಗೋ ಅರೌಂಡ್", ಅಂದರೆ ಇಳಿಯದೆ ಮತ್ತೆ ಮೇಲೇರಿ ಎನ್ನಬೇಕು. ಆಗಲೂ ಕೇಳದೆ ಅಪಾಯ ಎದುರಾದರೆ, ಸಂಸ್ಥೆಯ ನಿಯಮದಂತೆ ನಿಯಂತ್ರಣವನ್ನು ತಾನೇ ವಹಿಸಿಕೊಳ್ಳಬೇಕು. ಇದಕ್ಕೆಲ್ಲ ಇರುವುದು ಕೆಲವೇ ಸೆಕೆಂಡುಗಳು.

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಮೃತಪಟ್ಟರು. ಬದುಕುಳಿದವರು 8 ಮಂದಿ. ಸಹ ಪೈಲಟ್ "ಗೋ ಅರೌಂಡ್" ಎಂದು ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದರು ಎಂದು ತನಿಖಾ ವರದಿ ಹೇಳುತ್ತದೆ. ಆ ವಿಮಾನದಲ್ಲಿ ನಮ್ಮ ಕರಾವಳಿಯ ಎಷ್ಟೋ ಮನೆಯವರಿದ್ದರು.

ಆದ್ದರಿಂದ ಮಕ್ಕಳಿಗೆ ಉತ್ತರವನ್ನು ಬಾಯಿಪಾಠ ಮಾಡಿಸಬೇಡಿ. ಹಿರಿಯರಿಗೆ ಎದುರಾಡಬೇಡ ಎಂದು ಕಲಿಸುವ ನಾವು, ತಪ್ಪು ಕಂಡಾಗ ಮರ್ಯಾದೆ ಬಿಡದೆ ಗಟ್ಟಿಯಾಗಿ ಹೇಳುವುದನ್ನೂ ಕಲಿಸೋಣ. ಅದು ಅವಿಧೇಯತೆಯಲ್ಲ. ನೂರಾರು ಜೀವಗಳ ಹೊಣೆ.