ಹೆಸರೊಂದೇ, ವ್ಯಕ್ತಿಗಳಿಬ್ಬರು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬಂಧುಗಳೊಡಗೂಡಿ ಅಂತರ್ಜಾಲದಲ್ಲಿ ವಂಶವೃಕ್ಷ ರಚಿಸುತ್ತಿರುವುದು ಶ್ಲಾಘನೀಯ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಇಬ್ಬರು ಪೂರ್ವಿಕರನ್ನು ಒಬ್ಬರನ್ನಾಗಿ ಬೆಸೆಯುವ ಆತುರ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಅನೇಕ ಮನೆತನಗಳ ಸಂಪ್ರದಾಯ. ಹಳೆಯ ಬರಹಗಳಲ್ಲಿ ಇಸವಿಯಿಲ್ಲದೆ ಸಂವತ್ಸರದ ಹೆಸರಷ್ಟೇ ಇರುವುದುಂಟು. ಅದಾದರೋ 60 ವರ್ಷಗಳಿಗೊಮ್ಮೆ ಮರಳುತ್ತದೆ. ಪ್ರಭವ ಸಂವತ್ಸರ 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತ್ತು. ತಾತ ಮೊಮ್ಮಗ ಒಂದಾಗಲು ಇನ್ನೇನು ಬೇಕು? ಆಗ ಅಜ್ಜಿಯೂ ಮೊಮ್ಮಗನ ಮಡದಿಯೂ ಸವತಿಯರಾಗಿಬಿಡುತ್ತಾರೆ!

ಈ ಗಂಟಿಗೆ ಅಳಿಸಿಹಾಕುವುದು ಮದ್ದಲ್ಲ. ಬದಲಾವಣೆಗಳ ದಾಖಲೆಯನ್ನು ಓದಿ, ಬೆಸೆದ ಬಂಧುವಿಗೆ ಸೌಜನ್ಯದಿಂದ ತಿಳಿಸಬೇಕು. ಲಗ್ನಪತ್ರಿಕೆ, ಜಮೀನಿನ ಪತ್ರ, ತಂದೆಯ ಹೆಸರು, ಊರು ಇವುಗಳಲ್ಲಿ ಯಾವುದು ಯಾರಿಗೆ ಸೇರಿದ್ದೆಂದು ವಿಂಗಡಿಸಿ, ಊರಿನ ಹಿರಿಯರನ್ನು ವಿಚಾರಿಸಿ, ತರುವಾಯವೇ ಇಬ್ಬರನ್ನೂ ಬೇರ್ಪಡಿಸಬೇಕು. ಹಿರಿಯರು ಇರುವಾಗಲೇ ಈ ಕಾರ್ಯ ಆಗಬೇಕು.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಹಲವರು ಪೂರ್ವಿಕರನ್ನು ಅರಿಯುವುದು ಈ ವೃಕ್ಷದಿಂದಲೇ. ಸಂದೇಹವಿದ್ದಲ್ಲಿ ಜಾಗವನ್ನು ಬರಿದಾಗಿಯೇ ಬಿಡೋಣ. ಬರಿದಾದುದನ್ನು ಅವರು ಮುಂದೆ ತುಂಬಬಲ್ಲರು; ತಪ್ಪನ್ನು ಸತ್ಯವೆಂದೇ ನಂಬಿಯಾರು.