ಗೃಹವಿಜ್ಞಾನ: ಮಾತು ತಡವಾಗಿ ತಲುಪುವದೇಕೆ?

ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಹೊರ್ತಿಯಲ್ಲಿ ನಾವು ಈಚೆಗೆ ಪರಿಚಿತರ ಮನೆಗೆ ಅತಿಥಿಗಳಾಗಿ ಹೋಗಿದ್ದೆವು. ಸಂಜೆಯ ಹೊತ್ತಿಗೆ ಮನೆಯ ಅಜ್ಜಿಯವರು ಪುಣೆಯಲ್ಲಿರುವ ಮಗನ ಮುಖವನ್ನು ಮೊಬೈಲಿನಲ್ಲಿ ನೋಡುತ್ತ ಮಾತನಾಡುತ್ತಿದ್ದರು. ಅಷ್ಟರಲ್ಲಿ ಮೊಮ್ಮಗನು ಹಿಂದಿನ ಕೋಣೆಯಲ್ಲಿ ಕುಳಿತು ಚಲನಚಿತ್ರವೊಂದನ್ನು ಇಳಿಸಿಕೊಳ್ಳಹತ್ತಿದನು. ಕೂಡಲೇ ಮಗನ ಉತ್ತರಗಳು ತಡವಾದವು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬಿದ್ದಿತು. “ನಾ ಮಾತಾಡೂದರಾಗ ಯಾಕ ಅಡ್ಡ ಬರ್ತೀಯೋ ಯಪ್ಪಾ? ಅವ್ವನ ಮಾತು ಬ್ಯಾಸರಾತೇನು?” ಎಂದು ಅಜ್ಜಿಯವರು ಕಣ್ಣೊರೆಸಿಕೊಂಡರು. ಮಗನದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಗೋಡೆಗೆ ತೂಗಹಾಕಿದ ವೈಫೈ ಪೆಟ್ಟಿಗೆಯದು.

ವಾಚಕರು ಹಿಟ್ಟಿನ ಗಿರಣಿಯನ್ನು ನೆನೆಯಬೇಕು. ಗಿರಣಿಯವನು ಬಂದ ಚೀಲಗಳನ್ನೆಲ್ಲ ಇಳಿಸಿಕೊಳ್ಳುತ್ತ ಹೋದರೆ ಅದು ಔದಾರ್ಯದಂತೆ ತೋರುವದು. ಆದರೆ ಒಂದು ಸೇರು ಜೋಳ ತಂದ ಮುದುಕಿಯು ಬಂಡಿಗಟ್ಟಲೆ ಚೀಲಗಳ ಹಿಂದೆ ಕಾಯಬೇಕಾಗುವದು. ವೈಫೈ ಪೆಟ್ಟಿಗೆಯಲ್ಲಿ ‘ಡ್ರೈವರ್’ ಎಂಬ ತಂತ್ರಾಂಶವುಂಟು. ಹೊರಡಬೇಕಾದ ಸುದ್ದಿಯ ಪೊಟ್ಟಣಗಳನ್ನು ಅದು ಸರದಿಯಲ್ಲಿ ನಿಲ್ಲಿಸುವದು. 1000 ಪೊಟ್ಟಣಗಳ ಸರದಿಯು ಬಹುಕಾಲ ವಾಡಿಕೆಯಲ್ಲಿತ್ತು. ಪೊಟ್ಟಣಕ್ಕೆ 1500 ಬೈಟಿನಂತೆ ಲೆಕ್ಕ ಹಿಡಿದರೆ ಒಟ್ಟು 1 ಕೋಟಿ 20 ಲಕ್ಷ ಬಿಟ್ಟುಗಳಾದವು. ಸೆಕೆಂಡಿಗೆ 10 ಕೋಟಿ ಬಿಟ್ಟುಗಳ ವೇಗವಿದ್ದಾಗ ಈ ಸರದಿ 0.12 ಸೆಕೆಂಡಿನಲ್ಲಿ ಕರಗುವದು. ದಪ್ಪಗೋಡೆಯ ಆಚೆ ವೇಗವು 40 ಲಕ್ಷಕ್ಕೆ ಇಳಿಯಿತೆಂದರೆ ಅದೇ ಸರದಿಗೆ 3 ಸೆಕೆಂಡು ಹಿಡಿಯುವದು!

ಇನ್ನೊಂದು ಕೇಡೂ ಉಂಟು. ಪೊಟ್ಟಣ ಕಳೆದುಹೋದಾಗಲೇ ಕಳಿಸುವ ಯಂತ್ರವು ದಾರಿ ಕಿಕ್ಕಿರಿದಿದೆಯೆಂದು ತಿಳಿದು ವೇಗ ತಗ್ಗಿಸುವದು. ಈ ರೀತಿಯನ್ನು ವ್ಯಾನ್ ಜೇಕಬ್ಸನ್ನರು 1988ರಲ್ಲಿ ವಿವರಿಸಿದರು. ಸರದಿ ವಿಪರೀತ ಉದ್ದವಾಗಿದ್ದರೆ ಯಾವ ಪೊಟ್ಟಣವೂ ಬೇಗ ಕಳೆಯದು. ಕಳಿಸುವವನಿಗೆ ಎಚ್ಚರವೂ ಆಗದು.

ಪರಿಹಾರವು ಸರದಿಗೆ ಮಿತಿ ಹಾಕುವದರಲ್ಲಿದೆ. 2012ರಲ್ಲಿ ಲಿನಕ್ಸಿನ 3.3ನೆಯ ಆವೃತ್ತಿಯು ಡ್ರೈವರಿನ ಸರದಿಯನ್ನು ಬೈಟುಗಳಿಂದ ಅಳೆದು, ಅಗತ್ಯವಿದ್ದಂತೆ ತಾನೇ ಹಿಗ್ಗಿಸಿ ಕುಗ್ಗಿಸುವ ಏರ್ಪಾಡನ್ನು ತಂದಿತು. ತಂತಿಗೆ ಇದು ಒಪ್ಪುವದು. ವೈಫೈಯ ವೇಗವಾದರೋ ಕ್ಷಣಕ್ಕೊಂದು ಬಗೆ. ಆದಕಾರಣ ಅಲ್ಲಿ ಎಣಿಕೆಗಿಂತ ಕಾಲವನ್ನೇ ಅಳೆಯುವದು ಯುಕ್ತ. 2012ರಲ್ಲಿಯೇ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ನರು ‘ಕೋಡೆಲ್’ ಎಂಬ ಉಪಾಯವನ್ನು ಪ್ರಕಟಿಸಿದರು. ಪೊಟ್ಟಣಗಳು ಕಾಯುವ ಕಾಲವು 100 ಮಿಲಿಸೆಕೆಂಡುಗಳುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದನ್ನು ಕೈಬಿಟ್ಟು ಕಳಿಸುವವನನ್ನು ಎಚ್ಚರಿಸುವದೇ ಅದರ ತತ್ತ್ವ. ಪ್ರತಿಯೊಬ್ಬನಿಗೂ ಬೇರೆ ಸರದಿ ಕೊಟ್ಟು, ಒಂದು ಸೇರು ತಂದವಳನ್ನು ನಡುವೆ ಕಳಿಸಿಕೊಡುವ ಅದರ ಸುಧಾರಿತ ರೂಪವು 2018ರಲ್ಲಿ ಆರ್‌ಎಫ್‌ಸಿ 8290 ಎಂದು ಪ್ರಕಟವಾಯಿತು. ಡ್ರೈವರಿನೊಳಗಿನ ಸರದಿಯನ್ನು ಗಾಳಿಯಲ್ಲಿ ತಗಲುವ ಕಾಲದಿಂದಲೇ ಮಿತಗೊಳಿಸುವ ಲಿನಕ್ಸಿನ ಕೆಲಸವು 2019ರಲ್ಲಿ ನಡೆಯಿತು. ಆದರೆ ಎಲ್ಲ ಪೆಟ್ಟಿಗೆಗಳಲ್ಲಿಯೂ ಈ ಏರ್ಪಾಡುಗಳಿಲ್ಲ.

ಗೃಹಸ್ಥರು ಮಾಡಬೇಕಾದುದೇನು? ಮಾತು ತಡವಾದೊಡನೆ ಹೆಚ್ಚಿನ ವೇಗದ ಯೋಜನೆಗೆ ಹಣ ತೆರಲು ಅವಸರಿಸಬಾರದು. ಸರದಿಯು ಮನೆಯೊಳಗೇ ಇದ್ದರೆ ಆ ಹಣ ವ್ಯರ್ಥ. ಮನೆಯಲ್ಲಿ ಯಾರೂ ಏನನ್ನೂ ಇಳಿಸಿಕೊಳ್ಳದಿರುವಾಗ ಒಮ್ಮೆ, ಇಳಿಸಿಕೊಳ್ಳುತ್ತಿರುವಾಗ ಒಮ್ಮೆ ಮಾತಾಡಿ ನೋಡಬೇಕು; ಎರಡನೆಯ ಸಲ ಮಾತ್ರ ತಡವಾದರೆ ಸರದಿಯೇ ಕಾರಣವೆಂದು ಬಹುಮಟ್ಟಿಗೆ ತಿಳಿಯಬಹುದು. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿಡಬೇಕು. ಹೊಸದನ್ನು ಕೊಳ್ಳುವಾಗ ಸರದಿಯ ನಿಯಂತ್ರಣವುಂಟೋ ಎಂದು ಕೇಳಬೇಕು.

ಹೊರ್ತಿಯ ಮನೆಯಲ್ಲಿ ಅಂದು ಮೊಮ್ಮಗನು ಚಿತ್ರವನ್ನು ನಿಲ್ಲಿಸಿದನು. ಪೆಟ್ಟಿಗೆಯು ಪಡಸಾಲೆಗೆ ಬಂದಿತು. ಮಗನ “ಅವ್ವಾ” ಎಂಬ ಕರೆಯು ಸಕಾಲದಲ್ಲಿ ಕೇಳಿಸಿತು. ದೂರದಲ್ಲಿರುವ ಮಕ್ಕಳ ಮೇಲೆ ಮುನಿಯುವ ಮುನ್ನ ಮನೆಯ ಪೆಟ್ಟಿಗೆಯನ್ನೊಮ್ಮೆ ನೋಡಿರೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ.